ಎರಡರಲ್ಲೂ ಓಡ್ತಾ ಇದೆ

“ನಮ್ಮಜ್ಜಿ ಇದ್ಳಲ್ಲ, ಮೆಮೇರ್, ಅವಳು ಗಡಿಯಾಚೆ ಕ್ವಿಬೆಕ್‌ನಿಂದ ಮದುವೆಯಾಗಿ ಬಂದೋಳು. ಸಾಯೋ ತನಕ ಈ ಗುಡ್ಡದ ಮೇಲೇ ಬಾಳಿದ್ರೂ ಫ್ರೆಂಚ್ ಬಿಟ್ಟು ಬೇರೆ ಮಾತು ಅವಳ ಬಾಯಿಗೆ ಹತ್ತಲೇ ಇಲ್ಲ. ಅಂಗಡಿಗೆ ಹೋದ್ರೆ ನಮ್ಮಮ್ಮ ಮಧ್ಯೆ ನಿಂತ್ಕೊಂಡು ಅವಳು ಹೇಳಿದ್ದನ್ನ ಇವರಿಗೆ, ಇವರು ಹೇಳಿದ್ದನ್ನ ಅವಳಿಗೆ ದಾಟಿಸ್ಬೇಕು. ಹಿಟ್ಟು, ಉಪ್ಪು, ಸೀಮೆಎಣ್ಣೆ, ಅದೆಲ್ಲ ಹೇಗೋ ನಡೀತಿತ್ತು. ಆದ್ರೆ ಯಾರಾದ್ರೂ ನಗೆಮಾತು ಆಡಿದ್ರೆ, ಊರೆಲ್ಲ ನಕ್ಕು ಮುಗಿಸಿ ಬಾಯಿ ಒರೆಸ್ಕೊಳ್ಳೋ ಹೊತ್ತಿಗೆ ಮೆಮೇರ್ ಒಬ್ಬಳೇ ಹೋ ಅಂತ ನಗೋಳು. ನನ್ನ ಕತೇನೂ ಅದೇ ನೋಡಿ. ನಿಮ್ಮಲ್ಲಿ ಅರ್ಧ ಜನದ ಜೇಬಲ್ಲಿ ಐಫೋನು, ಇನ್ನರ್ಧ ಜನದ ಜೇಬಲ್ಲಿ ಆಂಡ್ರಾಯ್ಡು. ಅದರ ಮಾತು ಇದಕ್ಕೆ ಬರಲ್ಲ, ಇದರ ಮಾತು ಅದಕ್ಕೆ ಬರಲ್ಲ. ನಾನು ಎರಡು ಮಾತೂ ಕಲಿತು ಒಂದೇ ಆ್ಯಪನ್ನ ಎರಡು ಸಲ ಬರೀಬಹುದು. ಅದಕ್ಕೆ ನೇಟಿವ್ ಅಂತಾರೆ. ಇಲ್ಲಾಂದ್ರೆ ಒಂದೇ ಸಲ ಬರೆದು, ನಮ್ಮಮ್ಮನ ಥರ ಒಬ್ಬ ದುಭಾಷಿನ ಮಧ್ಯೆ ಕೂರಿಸಿದ್ರೆ, ಅವನು ಎರಡೂ ಫೋನಿಗೆ ಅದದರ ಮಾತಲ್ಲಿ ಹೇಳ್ತಾನೆ. ಅದಕ್ಕೆ ಕ್ರಾಸ್-ಪ್ಲಾಟ್‌ಫಾರ್ಮ್ ಅಂತಾರೆ. ಹೋದ ವರ್ಷ ನಾನು ದುಭಾಷಿನ ಕೂರಿಸಿದ್ದೆ. ಮರದ ಕೊಳವೆ ಕಿತ್ತು ರಸ ನೆಲಕ್ಕೆ ಹೋಗ್ತಿದ್ದಾಗ ಅವನು ಮಲಗಿದ್ದ. ಕೂರಿಸಿದೋಳು ನಾನು, ತಪ್ಪು ನಂದೇ. ಈ ವರ್ಷ ಹೇಗೆ ಬರೀತೀನಿ ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಆದ್ರೆ ಬರೀತೀನಿ.”

ವರ್ನಾ ಗೊಯೆಟ್ ಹೀಗೆ ಹೇಳಿದ್ದು ಜನವರಿಯ ಒಂದು ಶನಿವಾರ, ಚರ್ಚಿನ ನೆಲಮಾಳಿಗೆಯಲ್ಲಿ, ಬೀನ್ಸ್ ಊಟಕ್ಕೆ ಕೂತಿದ್ದ ಟೆನಿ ಕಣಿವೆಯ ಮೇಪಲ್ ಸಕ್ಕರೆ ಕಾಯಿಸುವವರ ಮುಂದೆ. ಅವಳ ಕೈಯಲ್ಲಿ ತಟ್ಟೆಯಿತ್ತು. ಮಾತಿನ ಭರದಲ್ಲಿ ತಟ್ಟೆ ವಾಲಿ ಬೀನ್ಸಿನ ಸಾರು ಮುಂದೆ ಕೂತವನ ಬೂಟಿನ ಮೇಲೆ ತೊಟ್ಟಿಕ್ಕುತ್ತಿದ್ದುದು ಅವಳಿಗೆ ಗೊತ್ತೇ ಆಗಲಿಲ್ಲ. ನಲವತ್ತು ದಾಟಿದ ಹೆಂಗಸು. ಖುಷಿಯಾದಾಗ ಮಾತ್ರ ಹತ್ತು ವರ್ಷದ ಹುಡುಗಿಯ ಹಾಗೆ ಕೈಕಾಲು ಎಲ್ಲಿವೆಯೆಂಬುದು ಮರೆತುಹೋಗುತ್ತಿತ್ತು.

ಬೂಟು ಲೂಸಿಯನ್‌ದು. ಮೊಮ್ಮಕ್ಕಳು ‘ಪೆಪೇರ್, ಪೆಪೇರ್’ ಎಂದು ಕರೆದೂ ಕರೆದೂ ಕೊನೆಗೆ ಊರಿಗೆಲ್ಲ ಅವನು ಪೆಪೇರ್ ಆಗಿ, ಲೂಸಿಯನ್ ಅಜ್ಜ ಅನ್ನುವವರೇ ಇರಲಿಲ್ಲ. ಅವನು ಬೂಟನ್ನು ನಿಧಾನವಾಗಿ ಹಿಂದಕ್ಕೆಳೆದುಕೊಂಡ.

“ಆ ದುಭಾಷಿಗೆ ಸಂಬಳ ಎಷ್ಟು ಕೊಡ್ತೀಯಮ್ಮ?”

“ಅವನಿಗೆಲ್ಲಿ ಸಂಬಳ ಪೆಪೇರ್?”

“ಮತ್ತೆ. ಮಲಗದೆ ಏನು ಮಾಡ್ತಾನೆ?”

ಎಲ್ಲರೂ ನಕ್ಕರು. ವರ್ನಾ ಕೂಡ ನಕ್ಕಳು. ಪೆಪೇರ್ ಮಾತ್ರ ನಗದೆ ಬೂಟು ಒರೆಸುತ್ತ ಹೇಳಿದ: “ನಗೋದು ಬೇರೆ, ಇದು ಬೇರೆ. ಹೋದ ವರ್ಷದ ಅತಿ ಒಳ್ಳೆ ದಿನದ ರಸ ನನ್ನ ಗುಡ್ಡ ಕುಡೀತು. ಕೊಳವೆಗೆ ಕಟ್ಟಿದ ನಿನ್ನ ಡಬ್ಬಿ ನಂಬ್ಕೊಂಡು ನಾನು ಮನೇಲಿ ಕಾಲು ಚಾಚ್ಕೊಂಡಿದ್ದೆ. ಈ ಸಲ ಮೊದಲನೇ ಓಟಕ್ಕೇ ಅದು ಕೂಗ್ಬೇಕು. ಕೂಗ್ಲಿಲ್ವಾ, ಅಷ್ಟೂ ಡಬ್ಬಿ ಕಿತ್ತು ನಿನ್ನ ಜಗಲಿ ಮೇಲೆ ಪೇರಿಸ್ತೀನಿ. ಬೇಜಾರು ಮಾಡ್ಕೋಬಾರದು.”

ಸುತ್ತ ಕೂತವರು ಹೌದೆಂದು ತಲೆಯಾಡಿಸಿದರು. ಪೆಪೇರ್ ಡಬ್ಬಿ ಕಿತ್ತರೆ ಅವರೂ ಕೀಳುವವರೇ. ಕಿತ್ತರೆ ವರ್ನಾಗೆ ಬಾಸ್ಟನ್ ಗತಿ. ಅಲ್ಲಿ ಅವಳು ಎಷ್ಟೋ ವರ್ಷ ಒಂದು ಬೂಟಿನ ಅಂಗಡಿಗೆ ಫೋನಿನ ಆ್ಯಪ್ ಬರೆದುಕೊಂಡಿದ್ದವಳು. ಆ ಕುರ್ಚಿ ಇನ್ನೂ ಖಾಲಿಯಿದೆ, ವಸಂತ ಮುಗಿಯುವುದರೊಳಗೆ ಹೇಳು ಎಂದು ಅವರು ಕೇಳಿಕಳಿಸುತ್ತಲೇ ಇದ್ದರು. ವರ್ನಾ ಇನ್ನೂ ಉತ್ತರ ಕೊಟ್ಟಿರಲಿಲ್ಲ.

ಟೆನಿ ಕಣಿವೆಯ ಗುಡ್ಡಗಳೆಂದರೆ ಮೇಪಲ್ ಮರಗಳೇ. ಆ ಮರದ ರಸ ಸುರಿಯುವುದಿಲ್ಲ, ಸೋರುವುದಿಲ್ಲ, ಓಡುತ್ತದೆ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳು ಬಂದವೆಂದರೆ ಮರದೊಳಗಿನ ರಸಕ್ಕೆ ಕಾಲು ಬಂತೆಂದೇ ಲೆಕ್ಕ. ಚಳಿಗಾಲ ಹಿಂದೆ ಸರಿಯುವ ಹೊತ್ತಿಗೆ ಟೆನಿ ಕಣಿವೆಯಲ್ಲಿ ಇಬ್ಬರು ಎದುರಾದರೆ ‘ಚೆನ್ನಾಗಿದ್ದೀಯಾ’ ಅನ್ನುವುದಿಲ್ಲ, ‘ಓಡ್ತಾ ಇದೆಯಾ’ ಅನ್ನುತ್ತಾರೆ. ಓಡಿದ ರಸವನ್ನು ಅಗಲ ಬಾಯಿಯ ಕೊಪ್ಪರಿಗೆಗೆ ಸುರಿದು, ಕೆಳಗೆ ಬೆಂಕಿ ಹಾಕಿ, ಸೌಟಿನಿಂದ ಹಾಳೆಯಂತೆ ಇಳಿಯುವ ತನಕ ಕಾಯಿಸಿದರೆ ಪಾಕ. ವರ್ನಾ ಚಿಕ್ಕವಳಿದ್ದಾಗ ಮರಕ್ಕೊಂದು ತಗಡಿನ ಬಕೆಟ್ಟು ನೇತುಹಾಕುತ್ತಿದ್ದರು. ಮೊದಲ ಹನಿ ಖಾಲಿ ಬಕೆಟ್ಟಿಗೆ ಬಿದ್ದರೆ ಟಿಣ್ ಅನ್ನುತ್ತಿತ್ತು. ಗುಡ್ಡದ ತುಂಬ ಟಿಣ್ ಟಿಣ್. ಅದನ್ನು ಎಲ್ಲರಿಗಿಂತ ಮೊದಲು ಕೇಳಿ ಮನೆಗೆ ಓಡಿಬಂದು ಹೇಳುವುದು ಅವಳ ಕೆಲಸವಾಗಿತ್ತು.

ಈಗ ಬಕೆಟ್ಟಿಲ್ಲ. ಮರದಿಂದ ಮರಕ್ಕೆ ನೀಲಿ ಕೊಳವೆ ಎಳೆದಿದೆ. ಪಂಪು ರಸವನ್ನು ಎಳೆದೆಳೆದು ತೊಟ್ಟಿಗೆ ತಂದು ಹಾಕುತ್ತದೆ. ಅನುಕೂಲವೇನೋ ಹೌದು, ಆದರೆ ಅಳಿಲಿಗೂ ಅನುಕೂಲ. ಕೊಳವೆಯ ಸಿಹಿ ವಾಸನೆ ಹಿಡಿದು ಒಂದೇ ಒಂದು ಸಲ ಹಲ್ಲು ಊರಿತೆಂದರೆ ಪಂಪು ರಸ ಬಿಟ್ಟು ಗಾಳಿ ಕುಡಿಯತೊಡಗುತ್ತದೆ. ಅಳಿಲು ಸೇವೆ ಅಂದರೆ ಆ ಗುಡ್ಡಗಳಲ್ಲಿ ಇದು. ಕಚ್ಚಿದ್ದೆಲ್ಲಿ ಎಂದು ಹುಡುಕುತ್ತ ಸೊಂಟದುದ್ದ ಹಿಮದಲ್ಲಿ ಗುಡ್ಡ ಸುತ್ತಬೇಕು. ಅದಕ್ಕೇ ವರ್ನಾ ಬಾಸ್ಟನ್ ಬಿಟ್ಟು ಬಂದು, ಮುಷ್ಟಿಯಷ್ಟು ದೊಡ್ಡ ಡಬ್ಬಿಗಳನ್ನು ಮಾಡಿಸಿ ಊರವರ ಕೊಳವೆಗಳಿಗೆಲ್ಲ ಕಟ್ಟಿದ್ದಳು. ಊರವರು ಅವನ್ನು ‘ಕಿವಿ’ ಅನ್ನುತ್ತಿದ್ದರು. ಕೊಳವೆ ಬಿರುಕುಬಿಟ್ಟರೆ ಹತ್ತಿರದ ಕಿವಿಗೆ ಗೊತ್ತಾಗಿ, ಅದು ಪಕ್ಕದ ಕಿವಿಗೆ ದಾಟಿಸಿ, ಅದು ಮತ್ತೊಂದಕ್ಕೆ, ಹೀಗೆ ಕೊನೆಗೆ ಮಾಲೀಕನ ಜೇಬಿನ ಫೋನು ಕೂಗಬೇಕು. ಗುಡ್ಡಗಳಲ್ಲಿ ಫೋನಿಗೆ ಸಿಗ್ನಲ್ ಇಲ್ಲದ್ದರಿಂದ ಕಿವಿಗೂ ಫೋನಿಗೂ ನೇರ ಮಾತು. ಅದೇ ಹೋದ ವರ್ಷ ಕೈಕೊಟ್ಟಿದ್ದು. ಫೋನಿನ ಪರದೆ ಬೆಳಗಿರುವ ತನಕ ಎಲ್ಲ ಸರಿ. ಪರದೆ ಆರಿ ಫೋನು ಜೇಬಿಗೆ ಹೋದದ್ದೇ ತಡ, ದುಭಾಷಿಗೆ ನಿದ್ದೆ.

ಬೀನ್ಸ್ ಊಟ ಮುಗಿದ ಮಾರನೆಯ ದಿನವೇ ಅವಳಿಗೂ ತಮ್ಮ ಎಮೆಟ್‌ಗೂ ಜಗಳ ಶುರುವಾಯಿತು. ಎಮೆಟ್ ಬೆಳಗ್ಗೆ ಸಂಜೆ ಶಾಲೆಯ ಬಸ್ಸು ಓಡಿಸುವವನು, ನಡುಹಗಲು ಅಕ್ಕನ ಜತೆ ಕೂತು ಕೋಡ್ ಬರೆಯುವವನು. ಜಾಗ ಲಿಯೋಟಾ ಚಿಕ್ಕಮ್ಮನ ಅಡುಗೆಮನೆ. ಚಿಕ್ಕಮ್ಮ ಬಾಣಲೆಯಲ್ಲಿ ಡೋನಟ್ ಕರಿಯುತ್ತ ಇಬ್ಬರ ಮಾತಿಗೂ ಹೂಂಗುಟ್ಟುತ್ತಿದ್ದಳು.

“ದುಭಾಷಿ ಸಹವಾಸ ಸಾಕಾಯ್ತು ಕಣೋ,” ಎಂದಳು ವರ್ನಾ. “ಪೂರ್ತಿ ಅಳಿಸಿ ಎರಡು ಬರೆಯೋಣ. ಐಫೋನಿಗೇ ಒಂದು, ಆಂಡ್ರಾಯ್ಡಿಗೇ ಒಂದು.”

“ಬರಿ. ಯಾರು ಬೇಡ ಅಂದ್ರು? ನಿಂಗೆ ನಾಲ್ಕು ಕೈ ಇದೆ ಅಲ್ವಾ?”

“ನಿನ್ನವು ಎರಡು ಸೇರಿದ್ರೆ ನಾಲ್ಕಾಗುತ್ತೆ.”

“ಅಕ್ಕ, ಒಂದು ಬಟನ್ ಆ ಕಡೆ ಸರಿಸ್ಬೇಕು ಅಂದ್ರೂ ಎರಡು ಕಡೆ ಸರಿಸ್ಬೇಕು. ಒಂದು ಅಕ್ಷರ ತಪ್ಪಾದ್ರೂ ಎರಡು ಕಡೆ ತಿದ್ದಬೇಕು. ಒಂದು ಮುಗಿಯೋದ್ರಲ್ಲಿ ರಸ ಓಡಿ, ನಿಂತು, ಮರದಲ್ಲಿ ಮೊಗ್ಗು ಬಂದಿರುತ್ತೆ. ಆಮೇಲೆ ಪೆಪೇರ್ ಕೈಗೆ ಹೋಗಿ ಕೊಡು, ‘ತಗೊಳ್ಳಿ, ಮುಂದಿನ ಜನ್ಮಕ್ಕೆ’ ಅಂತ.”

“ಮತ್ತೆ ಅದೇ ಕುಂಭಕರ್ಣನ್ನ ಇಟ್ಕೊಂಡಿರೋಣ ಅಂತೀಯಾ?”

“ಕುಂಭಕರ್ಣ ಒಬ್ಬನೇ ಇದ್ರೆ ಒಬ್ಬನ್ನೇ ಎಬ್ಬಿಸಿದ್ರೆ ಆಯ್ತಲ್ಲ.”

ಅವನು ಹೇಳುವುದರಲ್ಲೂ ಹುರುಳಿತ್ತು, ಅದೇ ವರ್ನಾಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು. ವಾರವಿಡೀ ಹೀಗೇ. ಅವಳು ನೇಟಿವ್ ಅನ್ನುವುದು, ಅವನು ಕ್ರಾಸ್-ಪ್ಲಾಟ್‌ಫಾರ್ಮ್ ಅನ್ನುವುದು, ಬಸ್ಸಿಗೆ ಹೊತ್ತಾಯಿತೆಂದು ಅವನು ಎದ್ದುಹೋಗುವುದು. ಒಂದು ದಿನ ಅವನು ಹೋದ ಮೇಲೆ ವರ್ನಾ ಮುಖ ಊದಿಸಿಕೊಂಡು ಡೋನಟ್ಟನ್ನು ಪಾಕದಲ್ಲಿ ಅದ್ದಿ ಅದ್ದಿ ತಿನ್ನುತ್ತ ಕೂತಿದ್ದಳು.

“ಅಂಗಡೀಲಿ ನಗೆಮಾತಿಗೆ ಮೆಮೇರ್ ತಡವಾಗಿ ನಗ್ತಿದ್ದದ್ದೇನೋ ಚರ್ಚಲ್ಲಿ ಹೇಳ್ದೆ,” ಎಂದಳು ಚಿಕ್ಕಮ್ಮ, ಜಾಲರಿ ಸೌಟು ಝಾಡಿಸುತ್ತ. “ಬೆಂಕಿ ಬಿದ್ದ ಕತೆ ಯಾಕೆ ಹೇಳ್ಲಿಲ್ಲ?”

“ಯಾವ ಬೆಂಕಿ?”

“ಅಯ್ಯೋ, ನಿಂಗೊತ್ತಿಲ್ವಾ? ಅದೇ ಅಂಗಡಿ. ಒಲೆ ಕೊಳವೆಯಿಂದ ಕಿಡಿ ಹಾರಿ ಹಿಂದಿನ ಗೋಡೆ ಹತ್ಕೊಂಡಿದೆ. ಮೊದಲು ನೋಡಿದ್ದು ಮೆಮೇರ್. ಫ್ರೆಂಚಲ್ಲೇ ಒಂದು ಕೂಗು ಹಾಕಿದ್ಳು ನೋಡು, ಅಂಗಡಿಯವನು ಬಕೆಟ್ಟು ಹಿಡ್ಕೊಂಡು ಆಗ್ಲೇ ಹಿಂದಿದ್ದ. ನಿಮ್ಮಮ್ಮ ಪಾಪ, ಮಧ್ಯೆ ನಿಂತ್ಕೊಂಡು, ‘ಸ್ವಾಮಿ, ನಮ್ಮತ್ತೆ ಬೆಂಕಿ ಅಂತಿದ್ದಾರೆ’ ಅಂತ ಖಾಲಿ ಗಲ್ಲಾಪೆಟ್ಟಿಗೆಗೆ ಹೇಳ್ತಾ ಇದ್ಳು. ಸಾಯೋ ತನಕ ಅದನ್ನ ಹೇಳಿ ಹೇಳಿ ರೇಗಿಸ್ತಿದ್ವಿ ನಾವು.”

ವರ್ನಾಳ ಡೋನಟ್ಟು ಪಾಕದ ಬಟ್ಟಲಲ್ಲೇ ಉಳಿಯಿತು. ಅದು ನೆಂದು ಎರಡಾಗಿ ಮುರಿದು ತಳ ಸೇರಿದರೂ ಅವಳು ನೋಡಲಿಲ್ಲ.

“ಕೂಗು,” ಎಂದಳು. “ಚಿಕ್ಕಮ್ಮ, ಕೂಗು ಮಾತ್ರ.”

“ಕೂಗ್ಲಾ?”

“ನೀನಲ್ಲ. ಹರಟೆಗೆಲ್ಲ ಅಮ್ಮ ಸಾಕಿತ್ತಲ್ವಾ? ಹಿಟ್ಟಿಗೆ, ಉಪ್ಪಿಗೆ? ಬೆಂಕಿ ಬಿದ್ದಾಗ ಮಾತ್ರ ಮಧ್ಯೆ ಯಾರೂ ಇರಬಾರದು. ಎಲ್ಲಾನೂ ಎರಡು ಸಲ ಬರೆಯೋದು ಯಾತಕ್ಕೆ? ಮುಖ ಒಂದೇ ಸಲ ಬರೀತೀನಿ. ಬಣ್ಣ, ಬಟನ್ನು, ಗುಡ್ಡದ ನಕ್ಷೆ ಎಲ್ಲ ದುಭಾಷಿ ಹೇಳ್ಕೊಳ್ಳಲಿ. ಡಬ್ಬಿ ಹೇಳಿದ್ದನ್ನ ಕೇಳೋ ಕಿವಿ ಮತ್ತೆ ಕೂಗು, ಅದೆರಡನ್ನ ಮಾತ್ರ ಆಯಾ ಫೋನಿನ ತಾಯಿಮಾತಲ್ಲಿ ಬರೀತೀನಿ.”

ಕೋಟು ತೋಳಿಗೇರಿಸುತ್ತಲೇ ಅವಳು ಹೊರಗೆ ಓಡಿದಳು. ಶಾಲೆಯ ಮುಂದೆ ನಿಂತಿದ್ದ ಹಳದಿ ಬಸ್ಸಿನ ಬಾಗಿಲು ಬಡಿದಳು. ಎಮೆಟ್ ಬಾಗಿಲು ತೆಗೆದು, ಅಕ್ಕನ ಮುಖ ನೋಡಿ, “ಯಾರು ಸತ್ರು?” ಅಂದ. ಅವಳು ಮೆಟ್ಟಿಲ ಮೇಲೆಯೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

“ಅಂದ್ರೆ ಎರಡಲ್ಲ, ಮೂರು ಬರೀಬೇಕು,” ಎಂದ ಅವನು. “ಒಂದು ಮುಖ, ಎರಡು ಕಿವಿ. ಅಕ್ಕ, ಎರಡು ದೋಣಿ ಮೇಲೆ ಕಾಲಿಟ್ಟೋರೇ ಮುಳುಗ್ತಾರೆ, ನೀನು ಮೂರಕ್ಕೆ ಹೊರಟಿದ್ದೀಯಾ.”

“ಕಿವಿ ಎಷ್ಟು ಚಿಕ್ಕದು ಹೇಳು. ಮುಖ ಹೋದ ವರ್ಷದ್ದೇ ಇದೆ, ಅದು ಹಾಗೇ ಇರಲಿ. ಐಫೋನಿನ ಕಿವಿ ನಿಂಗೆ, ಆಂಡ್ರಾಯ್ಡ್ ಕಿವಿ ನಂಗೆ. ಯಾರದು ಮೊದಲು ಕೇಳುತ್ತೋ ನೋಡೋಣ.”

ಪಂದ್ಯ ಅಂದರೆ ಎಮೆಟ್‌ಗೆ ಎಲ್ಲಿಲ್ಲದ ಹುರುಪು. ಅದು ಅವಳಿಗೂ ಗೊತ್ತಿತ್ತು.

ಫೆಬ್ರವರಿ ಹೋದದ್ದೇ ತಿಳಿಯಲಿಲ್ಲ. ಎಮೆಟ್ ಮಕ್ಕಳನ್ನು ಇಳಿಸಿ ಖಾಲಿ ಬಸ್ಸಿನಲ್ಲೇ ಕೂತು ಬರೆದ. ವರ್ನಾ ಪಾಕ ಕಾಯಿಸುವ ಸಕ್ಕರೆಮನೆಯಲ್ಲಿ, ಆರಿದ ಕೊಪ್ಪರಿಗೆಯ ಮೇಲೆ ಹಲಗೆ ಹಾಸಿ ಅದನ್ನೇ ಮೇಜು ಮಾಡಿಕೊಂಡು ಬರೆದಳು. ಎಮೆಟ್‌ನ ಕಿವಿ ಮೊದಲು ಕೇಳಿತು. ಅವನು ಹಾರ್ನ್ ಹೊಡೆಯುತ್ತ ಬಸ್ಸನ್ನು ಅಂಗಳಕ್ಕೇ ತಂದು ನಿಲ್ಲಿಸಿ, “ನಿನ್ನ ಕಿವಿಗೆ ಎಣ್ಣೆ ಬಿಟ್ಕೋ,” ಎಂದು ಹೇಳಿ ಹೋದ. ವರ್ನಾಳದು ಮಾತ್ರ ಮೊಂಡು ಹಿಡಿದಿತ್ತು. ಪರದೆ ಆರಿದ ಒಡನೆ ಮಂಕಾಗುತ್ತಿತ್ತು, ಹೋದ ವರ್ಷದ ದುಭಾಷಿಯ ಹಾಗೇ. ಈಗ ತಪ್ಪನ್ನು ದುಭಾಷಿಯ ಮೇಲೆ ಹಾಕಲಿಕ್ಕೂ ಇಲ್ಲ. ತಾಯಿಮಾತೇನೋ ಸರಿ, ಅದರಲ್ಲಿ ಏನು ಹೇಳಬೇಕು ಅನ್ನುವುದು ತಿಳಿಯಬೇಡವೇ? ‘ನಾನು ಕೆಲಸದಲ್ಲಿದ್ದೇನೆ, ಎಚ್ಚರವಾಗಿಯೇ ಇಡು’ ಎಂದು ಫೋನಿಗೆ ಮೊದಲೇ ತಿಳಿಸಿ ಒಂದು ಗುರುತಿನ ಚೀಟಿ ಅದರ ಪರದೆಯ ನೆತ್ತಿಯಲ್ಲಿ ಅಂಟಿಸಿಡಬೇಕು, ಇಲ್ಲದಿದ್ದರೆ ಅದು ಬ್ಯಾಟರಿ ಉಳಿಸಲೆಂದು ದೀಪ ಆರಿಸಿಬಿಡುತ್ತದೆ. ಇಷ್ಟು ಅವಳಿಗೆ ಹೊಳೆಯುವ ಹೊತ್ತಿಗೆ ಮಾರ್ಚ್ ಬಂದಿತ್ತು. ಸೂರಂಚಿನಲ್ಲಿ ನೇತಿದ್ದ ಮಂಜಿನ ಕೋಲುಗಳು ಬೆಳಗಿನ ಬಿಸಿಲಿಗೆ ತೊಟ್ಟಿಕ್ಕತೊಡಗಿದ್ದವು.

ಮಾರ್ಚಿನ ಮೊದಲ ಮಂಗಳವಾರ ಊರಸಭೆ. ವರ್ಷಕ್ಕೊಂದು ಸಲ ಊರವರೆಲ್ಲ ಒಂದೆಡೆ ಕೂತು ರಸ್ತೆ, ಶಾಲೆ, ಸೇತುವೆ ಎಲ್ಲಕ್ಕೂ ಕೈಯೆತ್ತಿ ತೀರ್ಮಾನ ಮಾಡುವ ದಿನ. ಜತೆಗೆ ಮನೆಮನೆಯಿಂದ ತಂದ ಅಡುಗೆ. ಲಿಯೋಟಾ ಚಿಕ್ಕಮ್ಮ ಸೇಬಿನ ಪೈ ಮಾಡಿಕೊಂಡು ಬೆಳಗ್ಗೆಯೇ ಹೋಗಿದ್ದಳು. ವರ್ನಾ, ಎಮೆಟ್ ಹೋಗಲಿಲ್ಲ. ಎಮೆಟ್ ಪಂಪು ಹಾಕಿ ಕಣಿವೆಯ ತಳಕ್ಕಿಳಿದ, ಕೊಳವೆ ಕಿತ್ತು ನೋಡಲು. ವರ್ನಾ ಗುಡ್ಡದ ನೆತ್ತಿಯಲ್ಲಿ ನಿಂತಳು, ಬಲ ಜೇಬಿನಲ್ಲಿ ಐಫೋನು, ಎಡ ಜೇಬಿನಲ್ಲಿ ಆಂಡ್ರಾಯ್ಡು. ಎರಡೂ ಪರದೆ ಆರಿದ್ದವು. ಕೈಗವಸು ಹಾಕಿದ ಎರಡು ಕೈಗಳನ್ನೂ ಮುಷ್ಟಿ ಹಿಡಿದು ಕಾದಳು.

ಬಲ ಜೇಬು ಅರಚಿತು. ಅದು ಗೊತ್ತಿದ್ದದ್ದೇ.

ಎಡ ಜೇಬು ಸುಮ್ಮನಿತ್ತು. ಮೇಪಲ್ ಕೊಂಬೆಯ ಮೇಲೆ ಒಂದು ಹಕ್ಕಿ ಕೂತು, ಬಾಲ ಕುಣಿಸಿ, ಹಾರಿತು.

ಎಡ ಜೇಬೂ ಅರಚಿತು. ಬಲದ್ದಕ್ಕಿಂತ ಜೋರಾಗಿ.

ವರ್ನಾ ಹಿಮದಲ್ಲಿ ಕುಣಿದಳು. ಕುಣಿಯುತ್ತ ತೊಡೆಯವರೆಗೆ ಹೂತುಹೋದಳು, ಹಾಗೇ ಹೂತುಕೊಂಡೇ ಚಿಕ್ಕಮ್ಮನಿಗೆ ಫೋನು ಮಾಡಿದಳು. ಇಡೀ ಗುಡ್ಡದಲ್ಲಿ ನೆತ್ತಿಯಲ್ಲಿ ಮಾತ್ರ ಸಿಗ್ನಲ್ ಸಿಗುತ್ತಿತ್ತು.

“ಚಿಕ್ಕಮ್ಮ, ಓಡ್ತಾ ಇದೆ.”

“ಏನಂದೆ?” ಸಭೆಯಲ್ಲಿ ಯಾರೋ ರಸ್ತೆ ಸಮ ಮಾಡುವ ಯಂತ್ರದ ಬಗ್ಗೆ ಗಂಟಲು ಹರಿದುಕೊಳ್ಳುತ್ತಿದ್ದರು. “ಓಡ್ತಾ ಇದೆಯಾ?”

“ಎರಡರಲ್ಲೂ ಓಡ್ತಾ ಇದೆ, ಚಿಕ್ಕಮ್ಮ.”

“ಎರಡರಲ್ಲೂ?”

“ಎರಡರಲ್ಲೂ. ಜೋರಾಗಿ.”

ಗೊಯೆಟ್ ಮನೆತನಕ್ಕೆ ಎರಡು ಗುಡ್ಡ, ಮೂಡಣದ್ದೊಂದು, ಪಡುವಣದ್ದೊಂದು. ಪಡುವಣ ಗುಡ್ಡದ ರಸ ಎಂದೂ ಮೂಡಣದ್ದರ ಜತೆ ಓಡಿದ್ದಿಲ್ಲ. ವಾರ ತಡವಾದರೂ ಆದೀತು. ಎರಡೂ ಒಟ್ಟಿಗೇ ಓಡುತ್ತಿವೆ ಅಂದರೆ ಕಣಿವೆಯ ಒಂದೊಂದು ಮರವೂ ಓಡುತ್ತಿರಬೇಕು. ಚಿಕ್ಕಮ್ಮ ಪೈ ಕತ್ತರಿಸುವ ಚಾಕು ಹಿಡಿದೇ ಎದ್ದು ನಿಂತಳು.

“ಅಧ್ಯಕ್ಷರೇ, ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಓಡ್ತಾ ಇದೆಯಂತೆ. ಎರಡೂ ಗುಡ್ಡದಲ್ಲಿ.”

ಕುರ್ಚಿಗಳು ಮಗುಚಿದವು. ರಸ್ತೆಯಂತ್ರ ಬೇಕೆನ್ನುವವರೂ ಬೇಡವೆನ್ನುವವರೂ ಒಂದೇ ಬಾಗಿಲಲ್ಲಿ ತೂರಿಕೊಂಡು ಹೊರಬಿದ್ದರು. ಕೊನೆಗೆ ಸಭೆಯಲ್ಲಿ ಉಳಿದದ್ದು ಅಧ್ಯಕ್ಷನ ಸುತ್ತಿಗೆ, ಯಾರೂ ಮುಟ್ಟದ ಪೈಗಳು. ಅಧ್ಯಕ್ಷನಿಗೂ ಮೇಪಲ್ ಗುಡ್ಡವಿತ್ತು.

ಟ್ರಕ್ಕುಗಳ ಸಾಲು ತನ್ನ ಮನೆಯ ದಾರಿ ಹಿಡಿದು ಏರಿಬರುವುದು ವರ್ನಾಗೆ ನೆತ್ತಿಯಿಂದ ಕಂಡಿತು. ದಾರಿಯಲ್ಲಿ ಮೊದಲು ಸಿಗುವುದು ಅವಳ ತೊಟ್ಟಿ. ಅದರಲ್ಲೆಷ್ಟು ಬಿದ್ದಿದೆ ನೋಡಿಕೊಂಡು ಮುಂದೆ ಹೋಗೋಣವೆಂದು ಅವರು ಬರುತ್ತಿದ್ದರು. ಅದು ಅವಳಿಗೇನು ಗೊತ್ತು? ಊರಿಗೆ ಊರೇ ತನ್ನ ಆ್ಯಪ್ ನೋಡಲು ಬರುತ್ತಿದೆ ಎಂದುಕೊಂಡಳು. ಬಿದ್ದು ಎದ್ದು ಇಳಿದು ಬಂದು, ಸಕ್ಕರೆಮನೆಯ ಬಾಗಿಲಲ್ಲಿ ಮೈತುಂಬ ಹಿಮ ಮೆತ್ತಿಕೊಂಡು ನಿಂತಳು.

“ಇಷ್ಟು ಜನ ಬರ್ತೀರಿ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ,” ಎಂದಳು.

“ಬರ್ದೆ ಇರ್ತೀವಾ?” ಎಂದ ಪೆಪೇರ್. ಅವನ ಕಣ್ಣೂ ಹೊಳೆಯುತ್ತಿತ್ತು. “ವರ್ಷದಿಂದ ಕಾದಿದ್ದೀವಿ. ಯಾವುದರಲ್ಲಿ ಮೊದಲು ಓಡ್ತು?”

“ಐಫೋನಲ್ಲಿ.”

ಪೆಪೇರ್ ಹೋಗಿ ತೊಟ್ಟಿಯ ಮುಚ್ಚಳ ಎತ್ತಿ ಒಳಗೆ ಬಗ್ಗಿ ನೋಡಿದ. ಒಣಗಿದ ತೊಟ್ಟಿಯೊಳಗಿಂದ ಅವನ ದನಿ ದೊಡ್ಡದಾಗಿ ಬಂತು: “ಇದರಲ್ಲಿ ಒಂದು ಸತ್ತ ನೊಣ ಇದೆ.”

ಚಿಕ್ಕಮ್ಮ ವರ್ನಾಳನ್ನು ನೋಡಿದಳು. ವರ್ನಾ ಚಿಕ್ಕಮ್ಮನನ್ನು ನೋಡಿದಳು. ಚಿಕ್ಕಮ್ಮನ ಕೈಯಲ್ಲಿನ್ನೂ ಪೈ ಚಾಕು ಇತ್ತು.

“ಫೋನಲ್ಲಿ ಅಂತ ಬಾಯ್ಬಿಟ್ಟು ಹೇಳ್ಬಾರ್ದಿತ್ತೇನೆ?”

“ಎರಡು ಫೋನು ಜೇಬಲ್ಲಿಟ್ಕೊಂಡು ಹೋಗಿದ್ದೀನಿ ಚಿಕ್ಕಮ್ಮ, ಎರಡು ಅಂದ್ರೆ ಮತ್ತೇನು?”

“ಮಾರ್ಚಲ್ಲಿ ಓಡ್ತಾ ಇದೆ ಅಂದ್ರೆ ಮತ್ತೇನು?”

ಮೊದಲು ನಕ್ಕವನು ಸಭಾಧ್ಯಕ್ಷ. ಆಮೇಲೆ ನಗು ಊರಿಗೆಲ್ಲ ಹತ್ತಿಕೊಂಡಿತು. ಟ್ರಕ್ಕಿಗೆ ಒರಗಿ, ಒಬ್ಬರ ಹೆಗಲು ಒಬ್ಬರು ಹಿಡಿದು, ಹೊಟ್ಟೆ ಹುಣ್ಣಾಗುವಂತೆ ನಕ್ಕರು. ವರ್ನಾಳ ಕಿವಿ ಕೆಂಪಗಾಗಿ ಬಿಸಿಯಾಗಿತ್ತು. ನಗು ಒಂದಿಷ್ಟು ಇಳಿದ ಮೇಲೆ ಪೆಪೇರ್ ತೊಟ್ಟಿಯ ಮುಚ್ಚಳ ಹಾಕಿ ಕೈ ಒರೆಸಿಕೊಂಡ.

“ಬಂದದ್ದಂತೂ ಬಂದಾಯ್ತು. ಏನದು ಓಡೋದು, ತೋರ್ಸು.”

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ವರ್ನಾ ಎಲ್ಲರ ಫೋನುಗಳಿಗೂ ಹೊಸ ಆ್ಯಪ್ ಹಾಕಿಸಿದಳು. ಸಕ್ಕರೆಮನೆಯಲ್ಲಿ ಇಂಟರ್ನೆಟ್ ಇತ್ತು. ಹೊಸ ಫೋನು, ಹಳೆ ಫೋನು, ಗಾಜು ಒಡೆದು ಟೇಪು ಸುತ್ತಿದ್ದು, ಹಸುವಿನ ಕಾಲಿಗೆ ಸಿಕ್ಕಿ ಬಾಗಿದ್ದು, ಎಲ್ಲವೂ ಸಾಲಾಗಿ ಕೊಪ್ಪರಿಗೆಯ ಹಲಗೆಯ ಮೇಲೆ ಮಲಗಿ ಎದ್ದವು. ಪೆಪೇರ್‌ನ ಆಂಡ್ರಾಯ್ಡು ಎಲ್ಲಕ್ಕಿಂತ ಮುದಿ. ಅದನ್ನು ಎಮೆಟ್ ಕೈಯಾರೆ ಸಿದ್ಧಮಾಡಿ ಕೊಟ್ಟ. ಪೆಪೇರ್ ಅದನ್ನು ತೆಗೆದುಕೊಂಡು, ಗವಸು ತರಲೆಂದು ಟ್ರಕ್ಕಿನವರೆಗೆ ಹೋಗಿಬಂದ.

“ಪರದೆ ಆರ್ಸಿ, ಜೇಬಿಗೆ ಹಾಕ್ಕೊಳ್ಳಿ. ಯಾರೂ ಮುಟ್ಬಾರ್ದು,” ಎಂದಳು ವರ್ನಾ. “ಎಮೆಟ್ ಹೋಗಿ ಒಂದು ಕೊಳವೆ ಕೀಳ್ತಾನೆ. ಯಾವುದು ಅಂತ ನಂಗೂ ಗೊತ್ತಿಲ್ಲ.”

ಎಮೆಟ್ ಮರಗಳ ನಡುವೆ ಮರೆಯಾದ. ಚಿಕ್ಕಮ್ಮ ಡೋನಟ್ಟೂ ವಿನಿಗರಿನಲ್ಲಿ ನೆನೆಸಿದ ಹುಳಿ ಸೌತೆಕಾಯಿಯೂ ಹಂಚಿದಳು, ಕಾಯುವ ಬಾಯಿಗಳಿಗೆ ಕೆಲಸ ಬೇಕೆಂದು. ಸಿಹಿ ಒಂದು ಕಚ್ಚು, ಹುಳಿ ಒಂದು ಕಚ್ಚು. ಎಲ್ಲರ ಕಿವಿಯೂ ತಮ್ಮ ತಮ್ಮ ಜೇಬಿನ ಕಡೆ. ಸೌತೆಕಾಯಿಯ ಕರಕರ ಬಿಟ್ಟರೆ ಸದ್ದಿಲ್ಲ.

ಸಭಾಧ್ಯಕ್ಷನ ಎದೆ ಅರಚಿತು. ಅವನು ಬೆಚ್ಚಿ ಡೋನಟ್ ಕೈಬಿಟ್ಟ. ಪಕ್ಕದವಳ ಏಪ್ರನ್ನು, ಅವಳ ಗಂಡನ ಹಿಂಜೇಬು, ಮೂಲೆಯಲ್ಲಿ ನೇತುಹಾಕಿದ್ದ ಕೋಟು, ಒಂದರ ಬೆನ್ನಿಗೊಂದು, ಆಮೇಲೆ ಎಲ್ಲವೂ ಒಟ್ಟಿಗೆ. ಸಕ್ಕರೆಮನೆಯ ತಗಡಿನ ಸೂರು ಅದುರಿತು. ಫೋನು ತೆಗೆದು ನೋಡಿದರೆ ಗುಡ್ಡದ ನಕ್ಷೆಯಲ್ಲಿ ಒಂದೇ ಜಾಗದಲ್ಲಿ ಕೆಂಪು ಚುಕ್ಕೆ. “ಹಳೇ ಬಂಡೆ ಹತ್ರ,” ಎಂದು ಯಾರೋ ಕೂಗಿದರು. “ನಂದರಲ್ಲೂ ಬಂಡೆ ಹತ್ರಾನೇ.”

ವರ್ನಾ ಯಾರ ಫೋನನ್ನೂ ನೋಡುತ್ತಿರಲಿಲ್ಲ. ಪೆಪೇರ್‌ನನ್ನೇ ನೋಡುತ್ತಿದ್ದಳು. ಅವನು ಸೌತೆಕಾಯಿ ಹಿಡಿದು ಕಲ್ಲಿನಂತೆ ಕೂತಿದ್ದ.

“ನಂದು ಕೂಗ್ಲಿಲ್ಲ,” ಎಂದ.

ಒಂದೊಂದಾಗಿ ಫೋನುಗಳು ಬಾಯಿ ಮುಚ್ಚಿದವು. ವರ್ನಾಗೆ ಜಗಲಿಯ ಮೇಲೆ ಪೇರಿಸಿದ ಡಬ್ಬಿಗಳು ಕಂಡವು. ಬೂಟಿನ ಅಂಗಡಿಯ ಕುರ್ಚಿ ಕಂಡಿತು. ಎಷ್ಟೋ ಹೊತ್ತಾದ ಮೇಲೆ ಅವಳಿಗೆ ಕೇಳಿಸಿತು: ಹೊರಗೆ, ದೂರದಲ್ಲಿ, ಬಾಯಿಗೆ ಬಟ್ಟೆ ತುರುಕಿದವರ ಅರಚಾಟದಂಥದ್ದೊಂದು ಸದ್ದು, ಅದರ ಜತೆಗೆ ಪೆಪೇರ್‌ನ ನಾಯಿಯ ಬೊಗಳು.

“ಪೆಪೇರ್, ಫೋನು ಎಲ್ಲಿಟ್ಟಿದ್ದೀರಿ?”

“ಬುತ್ತಿ ಡಬ್ಬೀಲಿ. ಟ್ರಕ್ಕಲ್ಲಿ. ಜೇಬಲ್ಲಿಟ್ರೆ ಶೀತ ಆಗುತ್ತೆ ಅದಕ್ಕೆ.”

ಎಲ್ಲರೂ ಹೊರಗೆ ನುಗ್ಗಿದರು. ಟ್ರಕ್ಕಿನ ಸೀಟಿನ ಕೆಳಗೆ ತಗಡಿನ ಬುತ್ತಿ ಡಬ್ಬಿ ತಾನೇ ತಾನಾಗಿ ನಡುಗುತ್ತ, ಮುಚ್ಚಳ ಕಟಕಟಿಸುತ್ತ ಕೂಗುತ್ತಿತ್ತು. ನಾಯಿ ಅದರ ಮೇಲೆ ಹಲ್ಲು ಕಿಸಿದು ನಿಂತಿತ್ತು. ಪೆಪೇರ್ ಮುಚ್ಚಳ ತೆಗೆದು, ಎರಡು ಬ್ರೆಡ್ಡುಗಳ ನಡುವಿನಿಂದ ಫೋನು ಎಳೆದು, ತೋಳು ಚಾಚಿ ದೂರ ಹಿಡಿದು ಓದಿದ.

“ಹಳೇ ಬಂಡೆ ಹತ್ರ,” ಎಂದ. ಆಮೇಲೆ, ತನ್ನಷ್ಟಕ್ಕೆ, “ತಗಡೊಳಗೂ ಕೇಳುತ್ತೆ, ಮುಂಡೇದು.”

ಮಧ್ಯಾಹ್ನ ಸಭೆ ಮತ್ತೆ ಸೇರಿ ರಸ್ತೆಯಂತ್ರಕ್ಕೆ ಕೈಯೆತ್ತಿದರು. ಪೈ ತಿಂದರು. ಮರುದಿನ ಬಿಸಿಲೇರುವ ಹೊತ್ತಿಗೆ ಚಿಕ್ಕಮ್ಮ ತೊಟ್ಟಿಯ ಬಳಿ ನಿಂತು ಸಕ್ಕರೆಮನೆಯ ಇಂಟರ್ನೆಟ್ಟಿನಿಂದಲೇ ಊರವರಿಗೆಲ್ಲ ಫೋನು ಮಾಡಿದಳು, ಓಡ್ತಾ ಇದೆ ಎಂದು. “ಯಾವ ಫೋನಲ್ಲಿ, ಲಿಯೋಟಾ?” ಎಂದು ಕೇಳಿ ಇಟ್ಟರು. ಯಾರೂ ನಂಬಲಿಲ್ಲ. ಅವಳು ತೊಟ್ಟಿಯೊಳಗೆ ಫೋನು ಹಿಡಿದು ರಸ ಬೀಳುವ ಸದ್ದನ್ನು ಒಬ್ಬೊಬ್ಬರಿಗೂ ಕೇಳಿಸಬೇಕಾಯಿತು. ಆಗ ನಂಬಿದರು, ಗುಡ್ಡಗಳಿಗೆ ಓಡಿದರು. ಸಂಜೆಯೊಳಗೆ ಕಣಿವೆಯ ಪ್ರತಿ ಸಕ್ಕರೆಮನೆಯ ಸೂರಿನಿಂದಲೂ ಬಿಳಿ ಹಬೆ ಏಳುತ್ತಿತ್ತು.

ಅದೇ ಸಂಜೆ ಜಗಲಿಯ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ವರ್ನಾ ಬಾಗಿಲು ತೆಗೆದರೆ ಪೆಪೇರ್. ಅವನ ಕೈಯಲ್ಲಿ ಡಬ್ಬಿಯಿರಲಿಲ್ಲ. ಗೇಣುದ್ದದ ಒಂದು ನೀಲಿ ಕೊಳವೆಯ ತುಂಡಿತ್ತು, ನಡುವೆ ಸೂಜಿಯಂಥ ಹಲ್ಲಿನ ಗುರುತು. ಅದನ್ನು ಜಗಲಿಯ ಕಟ್ಟೆಯ ಮೇಲಿಟ್ಟ.

“ಬುತ್ತಿ ಡಬ್ಬಿ ಕೂಗ್ತು. ನಾನು ಹೋಗೋ ಹೊತ್ತಿಗೆ ಅಳಿಲು ಇನ್ನೂ ಕೊಂಬೆ ಮೇಲೆ ಕೂತು ಬಾಯಿ ಚಪ್ಪರಿಸ್ತಿತ್ತು. ಒಂದು ಹನಿ ನೆಲಕ್ಕೆ ಬಿದ್ದಿಲ್ಲ.”

“ಒಳಗೆ ಬನ್ನಿ ಪೆಪೇರ್. ಬಿಸಿ ಪಾಕ ಇದೆ.”

“ಎಲ್ಲಿ ಬರ್ಲಿ? ಒಲೆ ಉರೀತಾ ಇದೆ.” ಎರಡು ಮೆಟ್ಟಿಲಿಳಿದು ತಿರುಗಿದ. “ಆ ಕೂಗು ಸ್ವಲ್ಪ ಸಣ್ಣದು ಮಾಡೋಕಾಗುತ್ತಾ? ನಾಯಿ ಡಬ್ಬಿ ಹತ್ರ ಹೋಗೋಕೇ ಹೆದರ್ತಾ ಇದೆ.”

“ಆಗುತ್ತೆ,” ಎಂದಳು ವರ್ನಾ.

ಎಮೆಟ್ ಒಳಗಿಂದಲೇ ಕೂಗಿದ: “ಎರಡು ಕಡೆ ತಿದ್ದಬೇಕು ಅಕ್ಕ. ನಾನು ಹೇಳಿದ್ದೆ.”

“ನಿನ್ನ ಕಡೇದು ನೀನು ತಿದ್ದು.”

ಬಾಸ್ಟನ್‌ಗೆ ಅವಳು ಫೋನು ಮಾಡಿದ್ದು ಒಲೆಗೆ ಸೌದೆ ಒಟ್ಟುತ್ತಲೇ, ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು. ಆ ಕುರ್ಚೀಲಿ ಬೇರೆ ಯಾರನ್ನಾದರೂ ಕೂರಿಸಿ ಎಂದಳು. ಅತ್ತಲಿಂದ ಏನೋ ಕೇಳಿದರು. “ಇಲ್ಲ, ಇಲ್ಲಿ ಓಡ್ತಾ ಇದೆ,” ಎಂದಳು, ಫೋನಿಟ್ಟಳು.

ಪಾಕ ಇಳಿಸಿ ಸೋಸಿಯಾದ ಮೇಲೆ ಸೋಸುಬಟ್ಟೆಗಳು ಉಳಿದಿದ್ದವು, ದಪ್ಪ ಉಣ್ಣೆಯವು, ತಳದಲ್ಲಿ ಪಾಕದಿಂದಿಳಿದ ಬೂದುಬಣ್ಣದ ಮರಳು ಕಟ್ಟಿಕೊಂಡು. ಅವಕ್ಕೆ ಸೋಪು ಹಾಕುವಂತಿಲ್ಲ. ಹಾಕಿದರೆ ಮುಂದಿನ ಪಾಕವೆಲ್ಲ ಸೋಪಿನ ರುಚಿ. ವರ್ನಾ ಬಕೆಟ್ಟಿಗೆ ಬಿಸಿನೀರು ಹೊಯ್ದು, ತೋಳು ಮಡಚಿ, ಒಂದನ್ನು ತಿರುವಿ ಹಾಕಿ ಜಾಲಿಸಿದಳು. ಹಿಂಡುವಂತೆಯೂ ಇಲ್ಲ. ಎತ್ತಿ ಹಿಡಿದು ನೀರಿಳಿಯುವ ತನಕ ಕಾದು, ಒಲೆಯ ಮೇಲಿನ ಹಗ್ಗಕ್ಕೆ ಹಾಕಿ, ಇನ್ನೊಂದನ್ನು ತೆಗೆದುಕೊಂಡಳು.